ಕಾದಿಸ್‌ನಲ್ಲಿ ಬಿಚ್ಚಿದ ಕಾಲರ್

ರಾಯಚೂರು

ಸ್ಪೇನಿಗೆ ಹೋಗಿ ಬಂದವರು ಗೂಳಿ ಕಾಳಗದ ಬಗ್ಗೆ ಬರೆಯಬೇಕೆಂಬ ನಿಯಮವಿದ್ದಂತಿದೆ. ನನ್ನ ದಿನಚರಿಯ ಪ್ರಕಾರ ನಾನು ಒಂದು ಗೂಳಿ ಕಾಳಗ ನೋಡಿದ್ದೇನೆ. ನೆನಪಿನ ಪ್ರಕಾರ ನೋಡಿಲ್ಲ. ಆ ಸಂಜೆ ಹೊಟ್ಟೆ ಕೆಟ್ಟು ಮಲಗಿದ್ದೆ. ಎರಡೂ ನನ್ನವೇ ಆದ್ದರಿಂದ ಯಾವುದನ್ನೂ ನಂಬುವಂತಿಲ್ಲ. ಹಾಗಾಗಿ ಗೂಳಿಯನ್ನು ಅದರ ಪಾಡಿಗೆ ಬಿಟ್ಟು ಒಂದು ಕೋಟಿನ ಬಗ್ಗೆ, ಎರಡು ಜೋಡಿ ಕ್ರಿಯಾಪದಗಳ ಬಗ್ಗೆ ಬರೆಯುತ್ತೇನೆ. ಕೋಟು ಇನ್ನೂ ನನ್ನ ಟ್ರಂಕಿನಲ್ಲಿದೆ. ಬೇಕಾದವರು ಬಂದು ನೋಡಬಹುದು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ರಾಯಚೂರಿನಲ್ಲಿ ಹತ್ತಿಯ ಸಂಶೋಧನೆಯ ಕೆಲಸದಲ್ಲಿದ್ದೆ. ಅಂದರೆ ಹತ್ತಿ ತಾನಾಗಿ ಬೆಳೆಯುತ್ತಿತ್ತು, ನಾನು ಅದರ ಎತ್ತರ ಬರೆದುಕೊಳ್ಳುತ್ತಿದ್ದೆ. ಸ್ಪೇನಿನ ಸೆವಿಯಾ ನಗರದ ಸುತ್ತಮುತ್ತ ಹತ್ತಿ ಬೆಳೆಯುತ್ತಾರೆ, ನಾಲ್ಕು ತಿಂಗಳ ತರಬೇತಿ ಇದೆ, ಒಬ್ಬರನ್ನು ಕಳಿಸಿ ಎಂದು ಮೇಲಿನಿಂದ ಕಾಗದ ಬಂತು. ನನಗಿಂತ ಹಿರಿಯರು ಇಬ್ಬರಿದ್ದರು. ಒಬ್ಬರಿಗೆ ಮಗಳ ಮದುವೆ. ಇನ್ನೊಬ್ಬರಿಗೆ ಆ ದೇಶದಲ್ಲಿ ಮೊಸರು ಸಿಗುವುದಿಲ್ಲವೆಂದು ಯಾರೋ ಹೇಳಿದ್ದರು. ಹೀಗೆ ಸಂಪೂರ್ಣ ಅರ್ಹತೆಯ ಆಧಾರದ ಮೇಲೆ ನನ್ನ ಆಯ್ಕೆಯಾಯಿತು.

ಅರ್ಜಿಯಲ್ಲಿ 'ಸ್ಪ್ಯಾನಿಶ್ ಬರುತ್ತದೆಯೇ' ಎಂಬ ಪ್ರಶ್ನೆಯಿತ್ತು.

"ಬರಂಗಿಲ್ರಿ" ಎಂದೆ ನಮ್ಮ ಹೆಡ್ ಕ್ಲಾರ್ಕಿಗೆ.

"ಇಂಗ್ಲಿಷ್ ಬರ್ತದಲ್ರಿ? ಎರಡೂ ಅಣ್ತಮ್ಮ ಇರಬೇಕು. ಬರ್ತದ ಅಂತ ಬರೀರಿ. ಅಲ್ಲಿ ಯಾರು ಪರೀಕ್ಷಾ ತಗೊಳ್ಳಾಕ ಕುಂತಾರ?"

ಬರೆದೆ. ಬರೆದ ಮೇಲೆ ಪಾಪಪ್ರಜ್ಞೆ ಶುರುವಾಯಿತು. ಹೈದರಾಬಾದಿನ ಫುಟ್‌ಪಾತಿನಲ್ಲಿ ಇಂಗ್ಲಿಷಿನ ಮೂಲಕ ಸ್ಪ್ಯಾನಿಶ್ ಕಲಿಸುವ ಹಳೆಯ ಪುಸ್ತಕವೊಂದನ್ನು ಕೊಂಡು ತಂದೆ. ಅದರ ಏಳನೆಯ ಪಾಠ ಭಯಂಕರವಾಗಿತ್ತು. ಇಂಗ್ಲಿಷಿನವರು 'ಇರುವುದು' ಎಂದು ಒಂದೇ ಶಬ್ದದಲ್ಲಿ ಮುಗಿಸುವುದನ್ನು ಸ್ಪೇನಿನವರು ಎರಡು ಕ್ರಿಯಾಪದಗಳಲ್ಲಿ ಹಂಚಿಕೊಂಡಿದ್ದರು: ಸೇರ್, ಎಸ್ತಾರ್. ಮನುಷ್ಯ ಮೂಲತಃ ಹೇಗೋ ಅದಕ್ಕೆ ಮೊದಲನೆಯದು, ಈಗ ಯಾವ ಸ್ಥಿತಿಯಲ್ಲಿದ್ದಾನೋ ಅದಕ್ಕೆ ಎರಡನೆಯದು. ತಿಳಿದಿರುವುದಕ್ಕೂ ಹಾಗೇ ಎರಡು: ಸಾಬೇರ್, ಕೊನೊಸೇರ್. ಸಂಗತಿ ತಿಳಿದಿದ್ದರೆ ಸಾಬೇರ್. ಮನುಷ್ಯನನ್ನೋ ಊರನ್ನೋ ಬಲ್ಲೆವಾದರೆ ಕೊನೊಸೇರ್. ಇಷ್ಟನ್ನು ಹೇಳಲು ಆ ಪುಸ್ತಕಕ್ಕೆ ಆರು ಪುಟ ಬೇಕಾಗಿದ್ದವು. ನಾನು ಎಂ.ಎಸ್ಸಿ. ಮಾಡಿದವನು, ಇಂಗ್ಲಿಷಿನಲ್ಲಿ ಆರು ಪುಟ ಬರೆದಿದ್ದಾರೆಂದರೆ ಕಷ್ಟದ್ದೇ ಇರಬೇಕೆಂದು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಉರು ಹೊಡೆದೆ.

ಸೂಟು ಇತ್ತು. ಏಳೆಂಟು ವರ್ಷಗಳ ಹಿಂದೆ ದಿಲ್ಲಿಯಲ್ಲಿ ಒಂದು ಸಂದರ್ಶನಕ್ಕೆ ಹೋಗುವಾಗ ಹೊಲಿಸಿದ್ದು. ಕೆಲಸ ಸಿಗಲಿಲ್ಲ, ಸೂಟು ಉಳಿಯಿತು. ಎದೆಯ ಮೇಲೆ ಮಡಚಿದ ಕಾಲರಿನ ಎಡಭಾಗ ಬಲಭಾಗಕ್ಕಿಂತ ಅರ್ಧ ಬೆರಳು ಅಗಲವಾಗಿತ್ತು. ಕೆಲಸ ಸಿಗದ್ದಕ್ಕೆ ಅದೇ ಕಾರಣವೆಂದು ಬಹಳ ವರ್ಷ ನಂಬಿದ್ದೆ. ಅದನ್ನು ಹೊಲಿದವನು ರಾಯಚೂರಿನ ತೀನ್ ಕಂದೀಲ್ ಬಳಿಯ ದರ್ಜಿ ಎಂದು ನನಗೆ ಚೆನ್ನಾಗಿ ನೆನಪಿತ್ತು. ಈ 'ಚೆನ್ನಾಗಿ' ಎಂಬ ಶಬ್ದವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನ್ನಿಂದ ಆಗುವುದಿಲ್ಲ.

ದೇವದುರ್ಗ

ಹೊರಡುವ ಮುಂಚೆ ಅಣ್ಣನ ಮನೆಗೆ, ಅವ್ವನಿಗೆ ಹೇಳಿ ಬರಲು ದೇವದುರ್ಗಕ್ಕೆ ಹೋದೆ. ಆ ಬಸ್ಸಿನಲ್ಲಿ ಪ್ರಯಾಣ ಮಾಡಿದವರಿಗೆ ಗೊತ್ತು, ಪಕ್ಕದಲ್ಲಿ ಕೂತವನು ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಯಾವೂರು, ಯಾರ ಪೈಕಿ, ಮಾವನ ಮನೆ ಎಲ್ಲಿ, ಸೋದರತ್ತೆಯನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂದು ಒಂದೊಂದೇ ಬಾಗಿಲು ತಟ್ಟುತ್ತ ಹೋಗುತ್ತಾನೆ. ಅರ್ಧ ದಾರಿಯಲ್ಲಿ ಎಲ್ಲೋ ಒಂದು ಬಾಗಿಲು ತೆರೆಯುತ್ತದೆ: ಅವನ ಷಡ್ಡಕನ ಊರಿನ ಮಾಸ್ತರರು ನಮ್ಮ ಚಿಕ್ಕಪ್ಪನ ಗೆಳೆಯರಾಗಿರುತ್ತಾರೆ. ಆಮೇಲೆ ಅವನು ನಿಶ್ಚಿಂತೆಯಿಂದ ನಮ್ಮ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾನೆ. ಈ ಅನಾಗರಿಕ ಪದ್ಧತಿಯಿಂದ ತಪ್ಪಿಸಿಕೊಳ್ಳಲು ಸ್ಪ್ಯಾನಿಶ್ ಪುಸ್ತಕ ತೆಗೆದು ಮುಖಕ್ಕೆ ಅಡ್ಡ ಹಿಡಿದೆ.

"ಓದ್ರಿ, ಓದ್ರಿ" ಎಂದ ಪಕ್ಕದವನು ಗೌರವದಿಂದ. ಒಂದು ಪುಟ ತಿರುವುವಷ್ಟು ಹೊತ್ತು ಕಾದ. "ನಿಮ್ಮ ಮಾವನೋರು ಯಾವೂರವ್ರಿ?"

ಅವ್ವ ಬೇರೆ ಪ್ರಶ್ನೆ ಕೇಳಿದಳು.

"ಅಲ್ಲಿ ಗುರ್ತಿನವ್ರು ಯಾರದಾರಪಾ?"

"ಯಾರೂ ಇಲ್ಲಬೇ. ಆದ್ರ ಆ ದೇಶದ ಬಗ್ಗೆ ನನಗೆಲ್ಲಾ ಗೊತ್ತದ. ಓದೀನಿ."

"ಗೊತ್ತಿದ್ದದ್ದು ಇಟಗೊಂಡು ಏನ್ ಮಾಡ್ತಿ? ಹಗಲೊತ್ತು ಒಂದ್ ತಂಬಿಗಿ ನೀರು ಬೇಕಂದ್ರ ಗುರ್ತಿನವ್ರು ಒಬ್ಬರು ಬೇಕು."

ಅಕ್ಷರ ಬಾರದ ಅವ್ವ ಏಳನೆಯ ಪಾಠವನ್ನು ಒಂದು ತಂಬಿಗೆ ನೀರಿನಲ್ಲಿ ಮುಗಿಸಿದ್ದಳು. ಗೊತ್ತು ಬೇರೆ, ಗುರ್ತು ಬೇರೆ. ನಾನು ಅದನ್ನು ಗಮನಿಸಲಿಲ್ಲ, ಏಕೆಂದರೆ ಅವಳು ಇಂಗ್ಲಿಷಿನಲ್ಲಿ ಹೇಳಲಿಲ್ಲ.

ಸೆವಿಯಾ

ನಾನು ಉಳಿದುಕೊಂಡದ್ದು ದೋನ್ಯಾ ಎನ್‌ಕಾರ್ನಾ ಎಂಬ ವಿಧವೆಯ ಮನೆಯ ಮಹಡಿಯ ಕೋಣೆಯಲ್ಲಿ. ದೋನ್ಯಾ ಅಂದರೆ ನಮ್ಮ 'ಬಾಯಿಯವರು' ಇದ್ದ ಹಾಗೆ. ಮೊದಲ ದಿನವೇ ಆಕೆ ಕಿಟಕಿಗಳನ್ನೆಲ್ಲ ಮುಚ್ಚಿ, ಸೆವಿಯಾದ ಬಿಸಿಲು ಪರದೇಶದವರನ್ನು ಕೊಲ್ಲುತ್ತದೆ, ಮಧ್ಯಾಹ್ನ ಹೊರಗೆ ಕಾಲಿಡಬೇಡ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದಳು. ನಾನು ಆ ಬಿಸಿಲಿಗೆ ಹೋಗಿ ನಿಂತು ನೋಡಿದೆ. ನಮ್ಮ ಕಡೆ ಅದಕ್ಕೆ ಮಾರ್ಚ್ ಎನ್ನುತ್ತಾರೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗುತ್ತದೆ, ಅದಕ್ಕೆ ಸಿಯೆಸ್ತಾ ಎಂಬ ಹೆಸರಿದೆ, ಆ ಹೆಸರು ಜಗತ್ಪ್ರಸಿದ್ಧವಾಗಿದೆ. ರಾಯಚೂರಿನಲ್ಲೂ ಮಲಗುತ್ತಾರೆ. ನಮ್ಮದಕ್ಕೆ ಸೋಮಾರಿತನ ಎಂದು ಕರೆದು ವರದಿ ಬರೆಯುತ್ತಾರೆ. ಅಂಥ ಒಂದು ವರದಿ ನಾನೂ ಬರೆದಿದ್ದೆ.

ದಿನಾ ಬೆಳಿಗ್ಗೆ ಹತ್ತಿ ಹೊಲಕ್ಕೆ ಕರೆದೊಯ್ಯುವ ಜೀಪು ಬರುತ್ತಿತ್ತು. ನಾನು ಮೆಟ್ಟಿಲಿಳಿದು ಬಂದು 'ನಾನು ಸಿದ್ಧ' ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಡ್ರೈವರ್ ತಲೆಯಾಡಿಸುತ್ತಿದ್ದ. ಮೂರು ವಾರ ಕಳೆದ ಮೇಲೆ ದೋನ್ಯಾ ಎನ್‌ಕಾರ್ನಾ ತಡೆಯಲಾರದೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿದಳು. ಅದೇ ಶಬ್ದ ಎಸ್ತಾರ್ ಜೊತೆ ಬಂದರೆ ಸಿದ್ಧ, ಸೇರ್ ಜೊತೆ ಬಂದರೆ ಜಾಣ; ನಾನು ಬಳಸುತ್ತಿದ್ದದ್ದು ಸೇರ್. ಅದರಿಂದಾಗಿ ಇಪ್ಪತ್ತು ದಿನವೂ ಬೆಳಿಗ್ಗೆ ಏಳು ಗಂಟೆಗೆ ಬೀದಿಯಲ್ಲಿ ನಿಂತು 'ನಾನು ಜಾಣ' ಎಂದು ಸಾರಿದ್ದೆ.

"ಡ್ರೈವರ್ ಏನೂ ಹೇಳಲಿಲ್ಲವಲ್ಲ?"

"ಅವನು ಬಹಳ ಮರ್ಯಾದಸ್ಥ. ಹಿಂದೂಸ್ತಾನದ ಪ್ರಾರ್ಥನೆ ಇರಬೇಕು ಅಂದುಕೊಂಡಿದ್ದಾನೆ."

ನನಗೆ ರೋಷ ಬಂತು, ಪುಸ್ತಕದ ಮೇಲೆ. 'ಅಂವ ಕುಡುಕ' ಎನ್ನುವುದಕ್ಕೂ 'ಅಂವ ಕುಡದಾನ' ಎನ್ನುವುದಕ್ಕೂ ಇರುವ ಅಂತರ ದೇವದುರ್ಗದ ಮೂರು ವರ್ಷದ ಕೂಸಿಗೂ ತಿಳಿಯುತ್ತದೆ. ಮೊದಲನೆಯವನಿಗೆ ಹೆಣ್ಣು ಕೊಡುವುದಿಲ್ಲ, ಎರಡನೆಯವನನ್ನು ಮನೆಗೆ ಮುಟ್ಟಿಸಿ ಬರುತ್ತೇವೆ. ಆದರೆ ನಾನು ಕನ್ನಡದಿಂದ ಸ್ಪ್ಯಾನಿಶ್‌ಗೆ ನೇರವಾಗಿ ಹೋಗುವ ಬಸ್ಸು ಬಿಟ್ಟು, ಲಂಡನ್ನಿನ ಮೇಲೆ ಹಾಯ್ದು ಹೋಗುವ ಬಸ್ಸು ಹತ್ತಿದ್ದೆ.

ಕನ್ನಡವೇ ಮೇಲು ಎಂದು ಅವಳೆದುರು ಸ್ವಲ್ಪ ಮೆರೆದೆ. ಅದೂ ಬಹಳ ದಿನ ನಡೆಯಲಿಲ್ಲ. ಅಂಗಡಿಯಲ್ಲಿ ಕಾಫಿ ಕೇಳುವಾಗ ಪ್ರಶ್ನೆ ಕೇಳುವ ಕ್ರಿಯಾಪದವನ್ನು ಹಾಕಿಬಿಟ್ಟೆ. ಅಂಗಡಿಯವನು ಕಾಫಿಗೆ ಏನು ಪ್ರಶ್ನೆ ಎಂದು ಗಂಭೀರವಾಗಿ ಕಾದು ನಿಂತ. ನಮ್ಮಲ್ಲಿ ಪ್ರಶ್ನೆ ಕೇಳುವುದು, ಸಾಲ ಕೇಳುವುದು, ಹಾಡು ಕೇಳುವುದು ಎಲ್ಲಕ್ಕೂ ಒಂದೇ ಶಬ್ದವೆಂದು ದೋನ್ಯಾ ಎನ್‌ಕಾರ್ನಾಗೆ ವಿವರಿಸಿದೆ.

"ಮತ್ತೆ ನಿಮ್ಮವರು ಏನು ಮಾಡುತ್ತಿದ್ದಾರೆಂದು ನಿಮಗೆ ಹೇಗೆ ತಿಳಿಯುತ್ತದೆ?" ಎಂದಳು.

 

ಕಾದಿಸ್, ಬಂದರಿನ ಕಚೇರಿ

ಮೂರನೆಯ ತಿಂಗಳು. ಒಂದು ಸೋಮವಾರ ದೋನ್ಯಾ ಎನ್‌ಕಾರ್ನಾಗೆ ಕಾದಿಸ್‌ನಿಂದ ಅವಳ ತಮ್ಮನ ಫೋನು ಬಂತು. ಕಾದಿಸ್ ಸೆವಿಯಾದಿಂದ ರೈಲಿನಲ್ಲಿ ಎರಡು ಗಂಟೆಯ ದಾರಿಯ ಬಂದರು. ತಮ್ಮ ಅಲ್ಲಿನ ಒಂದು ಕಚೇರಿಯಲ್ಲಿ ಅಧಿಕಾರಿ. ಅವನ ಹತ್ತಿರ ಕಾಗದಪತ್ರ ಇಲ್ಲದ ಒಬ್ಬ ಹಡಗಿನ ಕೆಲಸಗಾರನಿದ್ದ. ಹೊಟ್ಟೆನೋವೆಂದು ಆಸ್ಪತ್ರೆಗೆ ಸೇರಿಸಿದ್ದರು, ಅಪೆಂಡಿಕ್ಸ್ ಕೊಯ್ದಿದ್ದರು, ಅವನಿಗೆ ಎಚ್ಚರವಾಗುವ ಹೊತ್ತಿಗೆ ಹಡಗು ಅವನ ಪಾಸ್‌ಪೋರ್ಟಿನ ಸಮೇತ ಹೊರಟುಹೋಗಿತ್ತು. ತಾನು ಹಿಂದೂಸ್ತಾನದವನು ಎನ್ನುತ್ತಾನೆ. ನಿನ್ನ ಮನೆಯಲ್ಲಿ ಒಬ್ಬ ಇದ್ದಾನಲ್ಲ, ಕರೆದು ತಾ ಎಂದು ತಮ್ಮ ಹೇಳಿದನಂತೆ. ಸರಕಾರಿ ಕೆಲಸಗಳು ಅಕ್ಕನ ಮೂಲಕ ನಡೆಯುವುದನ್ನು ಕಂಡು ನನಗೆ ಮೊದಲ ಬಾರಿಗೆ ಯುರೋಪಿನ ಮೇಲೆ ಪ್ರೀತಿ ಬಂತು.

ಕಚೇರಿ ಎಂದಮೇಲೆ ಸೂಟು ಹಾಕಿಕೊಂಡೆ. ದೋನ್ಯಾ ಎನ್‌ಕಾರ್ನಾ ಕೈಚೀಲ ಹಿಡಿದು ಜೊತೆಗೆ ಬಂದಳು.

ಅಧಿಕಾರಿ ದಪ್ಪ ಮೀಸೆಯ, ಬೇಸರದ ಮುಖದ ಮನುಷ್ಯ. ವಿಷಯ ಸ್ಪಷ್ಟವಾಗಿ ಹೇಳಿದ. ಮರುದಿನ ಬೆಳಿಗ್ಗೆ ಜಲಸಂಧಿಯ ಆಚೆಗೆ, ಮೊರಾಕ್ಕೊ ದೇಶದ ಟ್ಯಾಂಜಿಯರ್‌ಗೆ ದೋಣಿ ಹೊರಡುತ್ತದೆ. ಕಾಗದವಿಲ್ಲದೆ ಸಿಕ್ಕವರು ಹೆಚ್ಚಾಗಿ ಆ ಕಡೆಯವರೇ, ಅದರಲ್ಲಿ ಹೋಗುತ್ತಾರೆ. ಈತನ ಹೆಸರೂ ಬಣ್ಣವೂ ಹೊಂದುತ್ತವೆ. ಆದರೆ ಈತನನ್ನು ಖುದ್ದು ಬಲ್ಲ, ಸರಿಯಾದ ಪಾಸ್‌ಪೋರ್ಟ್ ಇರುವ ಒಬ್ಬರು ಫಾರಂ ಮೇಲೆ ಸಹಿ ಮಾಡಿದರೆ ಮ್ಯಾಡ್ರಿಡ್‌ಗೆ ಕಳಿಸಿ, ಅಲ್ಲಿಂದ ಹಿಂದೂಸ್ತಾನಕ್ಕೆ ಕಳಿಸುವ ದಾರಿ ಇದೆ.

ಬಾಗಿಲು ತೆರೆದು ಒಬ್ಬ ತೆಳ್ಳನೆಯ ಯುವಕನನ್ನು ಕರೆತಂದರು. ಹೊಟ್ಟೆಯ ಮೇಲೆ ಒಂದು ಕೈ ಒತ್ತಿಕೊಂಡು ನಡೆಯುತ್ತಿದ್ದ. ನಾನು ಹಿಂದಿಯಲ್ಲಿ ಹೆಸರು ಕೇಳಿದೆ. ಮಹಬೂಬ್ ಎಂದ. ಆಮೇಲೆ ಏನು ಕೇಳಬೇಕೋ ತಿಳಿಯದೆ ಟೈ ಸಡಿಲಿಸುತ್ತ "ಏನ್ ಸೆಕಿ ಅದಪ್ಪಾ ಇಲ್ಲಿ" ಎಂದು ನನಗೆ ನಾನೇ ಗೊಣಗಿದೆ.

ಅವನು ಬೆಚ್ಚಿ ನೋಡಿದ. "ಕನ್ನಡದವ್ರೇನ್ರಿ? ಯಾವೂರ್ರಿ ಸರ್?"

"ರಾಯಚೂರು."

"ಯಾ ಅಲ್ಲಾ! ನಮ್ದು ಮಾನ್ವಿರಿ! ರಾಯಚೂರಾಗ ಎಲ್ಲಿ? ಖಾಸ್ ರಾಯಚೂರಿನವ್ರೇನು?"

"ಹುಟ್ಟಿದ್ದು ದೇವದುರ್ಗ."

"ದೇವದುರ್ಗದಾಗ ನಮ್ಮ ಖಾಲಾ, ಚಿಕ್ಕವ್ವನ ಮನಿ ಅದರಿ. ಸಂತಿ ಬಯಲು ಹಿಂದ. ನಿಮ್ಮದು?"

 ಅವನು ಮಾಡಿದ್ದು ದೇವದುರ್ಗದ ಬಸ್ಸಿನ ಪಕ್ಕದವನು ಮಾಡಿದ್ದನ್ನೇ. ಒಂದೊಂದೇ ಬಾಗಿಲು ತಟ್ಟತೊಡಗಿದ. ನಾನೂ, ಜೀವಮಾನವಿಡೀ ಆ ಪ್ರಶ್ನೆಗಳಿಗೆ ಅಡ್ಡ ಪುಸ್ತಕ ಹಿಡಿದವನು, ಉತ್ತರ ಕೊಡುತ್ತ ಹೋದೆ, ತಿರುಗಿ ಕೇಳತೊಡಗಿದೆ. ಎಪ್ಪತ್ತರ ದಶಕದ ನಡುವೆ ಎರಡು ವರ್ಷ ಮಾನ್ವಿಯಲ್ಲಿ ನೌಕರಿ ಮಾಡಿದ್ದೆ, ಬಸ್ ನಿಲ್ದಾಣದ ಹಿಂದೆ ಬಾಡಿಗೆ ಕೋಣೆಯಲ್ಲಿದ್ದೆ ಎಂದೆ.

ಅಧಿಕಾರಿ ಪೆನ್ನು ಹಿಡಿದು ಕಾಯುತ್ತಿದ್ದ. "ಈಗ ಏನು ಹೇಳಿದ?"

"ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಿರ್ಚಿ ಇನ್ನೂ ಹಾಗೇ ಮಾಡುತ್ತಾರೆಯೇ ಎಂದು ಕೇಳಿದ."

"ಇದನ್ನು ಬರೆದುಕೊಳ್ಳಬೇಕೇ?"

ಮಹಬೂಬ್ ನನ್ನ ಎದೆಯನ್ನೇ ನೋಡುತ್ತಿದ್ದ. "ಸರ್, ಈ ಕೋಟು ನಮ್ಮ ಅಬ್ಬಾ ಹೊಲ್ದದ್ದು."

"ಯಾರು?"

"ಟೇಲರ್ ಚಾಂದಸಾಬ್ ಅಂತ. ನಿಮ್ಮ ಕೋಣಿಯಿಂದ ನಾಕ್ ಅಂಗಡಿ ಆಚಿಗೆ. ಎಡಗಡಿ ಪಟ್ಟಿ ಅಗಲ ನೋಡ್ರಿ. ಅಬ್ಬಾಂದು ಎಡಗೈ ವಾಡಿಕಿ, ಯಾವಾಗ್ಲೂ ಹಂಗ ಬರ್ತದ. ನೀವು ದಿಲ್ಲಿಗೆ ಹೊಂಟಿದ್ರಿ. ಅಳತಿ ಬರಕೊಂಡಾಂವ ನಾನು. ಕಂಕುಳಾಗ ಟೇಪ್ ಹಾಕಿದ್ರ ಸಾಕು, ಕಚಗುಳಿಗೆ ಕಿಸಿಕಿಸಿ ನಗತಿದ್ರಿ ನೀವು. ನೆನಪಿಲ್ಲೇನ್ರಿ?"

ನೆನಪಿರಲಿಲ್ಲ. ನನಗೆ ಕಚಗುಳಿ ಹೌದು. ಅರ್ಧ ಮನುಷ್ಯಕುಲಕ್ಕೆ ಇದೆ. ಕಾಲರ್ ಸೊಟ್ಟ ಹೌದು, ಕಣ್ಣಿದ್ದವರಿಗೆಲ್ಲ ಕಾಣುತ್ತದೆ. ದಿಲ್ಲಿ ಎಂದದ್ದು? ಸೂಟು ಹೊಲಿಸುವವರು ಆಗ ದಿಲ್ಲಿಗೋ ಬೆಂಗಳೂರಿಗೋ ಹೋಗುವವರೇ. ನನಗೆ ಚೆನ್ನಾಗಿ ನೆನಪಿದ್ದದ್ದು ತೀನ್ ಕಂದೀಲ್‌ನ ದರ್ಜಿ. ಆದರೆ ಮಹಬೂಬ್ ಮಾತು ಮುಗಿಸುವ ಹೊತ್ತಿಗೆ ಆ ದರ್ಜಿಯ ಮುಖ ಮಸುಕಾಗಿ, ಮಾನ್ವಿಯ ಒಂದು ಅಂಗಡಿಯ ತಗಡಿನ ಚಪ್ಪರ ಕಣ್ಣಿಗೆ ಕಟ್ಟತೊಡಗಿತು. ಅವನು ಹೇಳಿದ ಮೇಲೆ ಬಂದ ಚಪ್ಪರ ಅದು. ಅದನ್ನು ನೆನಪು ಎಂದು ಕರೆಯಲು ನನಗೆ ನಾಚಿಕೆಯಾಯಿತು.

ಅಧಿಕಾರಿ ಫಾರಂ ನನ್ನ ಕಡೆ ತಿರುಗಿಸಿದ. ಪ್ರಶ್ನೆ ಒಂದೇ ಸಾಲು, ಅದರಲ್ಲಿದ್ದದ್ದು ಕೊನೊಸೇರ್: ಈತನನ್ನು ಬಲ್ಲಿರಾ?

ನಾನು ಜಾಣತನ ಮಾಡಿದೆ. ಈತ ಮಾನ್ವಿಯವನೆಂದು ನನಗೆ ಗೊತ್ತು, ಹಿಂದೂಸ್ತಾನದವನೆಂದು ಗೊತ್ತು, ಸುಳ್ಳು ಹೇಳುತ್ತಿಲ್ಲವೆಂದು ಬಹುಮಟ್ಟಿಗೆ ಗೊತ್ತು ಎಂದು ಪ್ರತಿಯೊಂದಕ್ಕೂ ಸಾಬೇರ್ ಹಾಕಿ, ಒಂದೂ ತಪ್ಪಿಲ್ಲದೆ, ಮೂರು ವಾಕ್ಯ ಹೇಳಿದೆ. ಆ ನಾಲ್ಕು ತಿಂಗಳಲ್ಲಿ ನಾನು ಆಡಿದ ಅತ್ಯುತ್ತಮ ಸ್ಪ್ಯಾನಿಶ್ ಅದು.

"ಬಹಳ ಸಂತೋಷ" ಎಂದ ಅಧಿಕಾರಿ. "ನೀವು ಅವನ ಬಗ್ಗೆ ತಿಳಿದವರು. ನನಗೆ ಬೇಕಾದದ್ದು ಅವನನ್ನು ಬಲ್ಲವರು. ಈತ ಚಾಂದಸಾಬನ ಮಗ ಮಹಬೂಬ್, ಈತನನ್ನು ನಾನು ಬಲ್ಲೆ ಎಂದು ಹೇಳುತ್ತೀರೋ ಇಲ್ಲವೋ?"

ಮಹಬೂಬ್‌ಗೆ ಭಾಷೆ ಬಾರದಿದ್ದರೂ ಏನೋ ಕೆಟ್ಟಿತೆಂದು ತಿಳಿಯಿತು. "ಸರ್, ಒಂದ್ ಪುರಾವೆ ಅದರಿ" ಎಂದ. "ದೂರ ಹೋಗೋರ ಬಟ್ಟಿ ಬಂದ್ರ ಅಬ್ಬಾ ಅದರೊಳಗ ದರ್ಗಾದ ಹಸುರು ದಾರ ಒಂದ್ ತುಂಡು ಇಟ್ಟು ಹೊಲೀತಾರ. ಹಾಕ್ಕೊಂಡೋರಿಗೆ ಹೇಳಂಗಿಲ್ಲ. ಹೇಳಿದ್ರ ಬರ್ಕತ್ ಹೋಗ್ತದ ಅಂತಾರ. ನಿಮ್ಮ ಕಾಲರಿನ ಒಳಗದ. ಬಿಚ್ಚಿ ನೋಡ್ರಿ, ಕಸಂ."

ನಾನು ವಿಚಾರವಾದಿ. ಕಾಲೇಜಿನಲ್ಲಿ ತಾಯಿತದ ವಿರುದ್ಧ ಭಾಷಣ ಮಾಡಿ ಸ್ಟೀಲ್ ಲೋಟ ಗೆದ್ದವನು. ಎಂಟು ವರ್ಷ ಕುತ್ತಿಗೆಯ ಸುತ್ತ ದರ್ಗಾದ ದಾರ ಹೊತ್ತು ತಿರುಗಿದ್ದೆನೇ? ಆದರೂ ಪುರಾವೆ ಎಂಬ ಶಬ್ದ ಕೇಳಿ ಜೀವ ಬಂತು. ದಾರ ಸಿಕ್ಕರೆ ನಾನು ಏನನ್ನೂ ನಿರ್ಧರಿಸಬೇಕಾಗಿಲ್ಲ. ವಿಷಯ ವಿವರಿಸಿದೆ. ಅಧಿಕಾರಿಗೆ ಮೊದಲ ಬಾರಿಗೆ ಆಸಕ್ತಿ ಬಂತು. ದೋನ್ಯಾ ಎನ್‌ಕಾರ್ನಾ ಶಿಲುಬೆಯ ಗುರುತು ಮಾಡಿಕೊಂಡು, ಕೈಚೀಲದಿಂದ ಪುಟ್ಟ ಕತ್ತರಿ ತೆಗೆದು ಕಾಲರಿನ ಹೊಲಿಗೆ ಬಿಚ್ಚಿದಳು.

ಒಳಗೆ ಒರಟು ಕ್ಯಾನ್ವಾಸ್ ಬಟ್ಟೆ ಇತ್ತು. ಅದನ್ನು ಕೊಡವಿದಳು, ಬೆಳಕಿಗೆ ಹಿಡಿದಳು. ದಾರ ಇರಲಿಲ್ಲ.

ಕಾದಿಸ್, ಅದೇ ಕಚೇರಿ

ಮಹಬೂಬ್ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಹಾಗೇನಾದರೂ ಮಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾಟಕ ಎಂದುಕೊಂಡು ಎದ್ದು ಬರಬಹುದಿತ್ತು. ಅಧಿಕಾರಿ ಪೆನ್ನಿನ ಟೋಪಿ ಹಾಕಿದ. ಕಿಟಕಿಯ ಆಚೆ ಮರುದಿನದ ದೋಣಿಗೆ ಯಾರೋ ಬಣ್ಣ ಬಳಿಯುತ್ತಿದ್ದರು. ಅಥವಾ ಇದನ್ನು ನಾನು ಈಗ ಬಳಿಯುತ್ತಿದ್ದೇನೆ.

ಮಹಬೂಬ್ ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿದ್ದ ನನ್ನ ಕೋಟನ್ನು ನೋಡಿದ.

"ಹಿಂಗ ಬಿಟ್ರ ಪೂರಾ ಬಿಚ್ಕೊಂಡ್ ಹೋಗ್ತದ್ರಿ ಸರ್. ಈ ಯವ್ವನ ಹತ್ರ ಸೂಜಿ ಅದೇನು ಕೇಳ್ರಿ."

ದೋನ್ಯಾ ಎನ್‌ಕಾರ್ನಾಳ ಕೈಚೀಲದಲ್ಲಿ ಸೂಜಿ ಇರದೇ ಇರುತ್ತದೆಯೇ? ಅವನು ಕುರ್ಚಿ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕೋಟಿನ ಅಂಚನ್ನು ಕಾಲ ಹೆಬ್ಬೆರಳಿನ ಕೆಳಗೆ ಒತ್ತಿ ಬಿಗಿ ಮಾಡಿದ. ದಾರವನ್ನು ತುಟಿಯಲ್ಲಿ ನೆನೆಸಿ ಒಂದೇ ಸಲಕ್ಕೆ ಪೋಣಿಸಿದ. ಹೊಲಿಯುತ್ತ ಬೈಯುತ್ತಿದ್ದ, ತನ್ನನ್ನು ತಾನೇ: "ಕಾಲರ್ ಕೆಲಸ ಕಲಿ, ಕಲಿ ಅಂತ ಬಡಕೊಂಡ್ರು ಅಬ್ಬಾ. ನಾ ಸಮುದ್ರ ನೋಡಾಕ ಓಡಿ ಬಂದೆ. ನೋಡಿದ್ನಲ್ಲ ಈಗ."

ಅಧಿಕಾರಿ ಮೇಜಿನ ಮೇಲಿಂದ ಬಾಗಿ ಆ ಹೆಬ್ಬೆರಳನ್ನು ನೋಡುತ್ತಿದ್ದ. ಅವನ ಅಕ್ಕ ಹೊಲಿಗೆಯನ್ನು ನೋಡಿ ತಲೆಯಾಡಿಸಿದಳು, ಅದು ಹೊಗಳಿಕೆಯಲ್ಲ.

ಆ ಹೆಬ್ಬೆರಳು ನೋಡಿದ ಕೂಡಲೇ ಮಾನ್ವಿಯ ಅಂಗಡಿ, ಚಾಂದಸಾಬ್, ಅಳತೆ ಬರೆದುಕೊಳ್ಳುವ ಹುಡುಗ ಎಲ್ಲವೂ ಮಿಂಚಿನಂತೆ ನೆನಪಾದವು ಎಂದು ಬರೆಯಲು ನನಗೂ ಆಸೆಯಿದೆ. ಏನೂ ನೆನಪಾಗಲಿಲ್ಲ. ಆದರೆ ಮುಕ್ಕಾಲು ಗಂಟೆಯಿಂದ ಅವನ ಜೊತೆ ಮಾತಾಡಿದ್ದೆ. ಅವನ ಖಾಲಾ ಎಲ್ಲಿರುತ್ತಾಳೆ, ಅಪ್ಪನಿಗೆ ಯಾವ ಕೈ ವಾಡಿಕೆ, ಅವನು ಯಾಕೆ ಓಡಿಬಂದ, ಎಲ್ಲ ಕೇಳಿದ್ದೆ. ತನ್ನನ್ನು ನಾಳೆ ಎಲ್ಲಿ ಎಸೆಯುತ್ತಾರೋ ತಿಳಿಯದ ಹೊತ್ತಿನಲ್ಲಿ ಅವನು ಪರರ ಕಾಲರ್ ಹೊಲಿಯುವುದನ್ನು ಕಂಡಿದ್ದೆ. ನನ್ನ ಕಚೇರಿಯಲ್ಲಿ ಹತ್ತು ವರ್ಷ ಪಕ್ಕದಲ್ಲಿ ಕೂತವರ ಬಗ್ಗೆ ಇಷ್ಟು ಹೇಳಲಾರೆ. ಅವರಿಗೆಲ್ಲ ಕಣ್ಣುಮುಚ್ಚಿ ಸಹಿ ಮಾಡಿದ್ದೇನೆ.

"ಲೊ ಕೊನೊಸ್ಕೊ" ಎಂದೆ. ಬಲ್ಲೆ.

"ಎಷ್ಟು ಕಾಲದಿಂದ?"

ಇದನ್ನು ಏಳನೆಯ ಪಾಠ ಹೇಳಿಕೊಟ್ಟಿರಲಿಲ್ಲ. ಮುಕ್ಕಾಲು ಗಂಟೆ ಎನ್ನಬೇಕಿತ್ತು. ಎಂಟು ವರ್ಷ ಎಂದೆ. ಅಧಿಕಾರಿ ಗೋಡೆಯ ಗಡಿಯಾರ ನೋಡಿದ, ನನ್ನನ್ನು ನೋಡಿದ, '೮' ಎಂದು ಬರೆದು ಸಹಿಗೆ ಕೊಟ್ಟ.

ಆಮೇಲೆ ನಾಲ್ವರೂ ಮೀನು ತಿಂದೆವು. ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟು: 'ಕಾದಿಸ್. ಮೀನು ಚೆನ್ನಾಗಿತ್ತು.' ಸುಳ್ಳು ಹೇಳಿದವರು ದಿನಚರಿಯಲ್ಲಿ ಹೀಗೇ ಬರೆಯುತ್ತಾರೆ. ಮೀನು ನಿಜವಾಗಿ ಚೆನ್ನಾಗಿದ್ದವರೂ ಹೀಗೇ ಬರೆಯುತ್ತಾರೆ.

ಮಾನ್ವಿ

ಊರಿಗೆ ಬಂದು ಒಂದು ತಿಂಗಳು ತಡೆದೆ. ಆಮೇಲೆ ತಡೆಯಲಾಗಲಿಲ್ಲ. ಅದೇ ಸೂಟು ಹಾಕಿಕೊಂಡು, ಬೆವರು ಸುರಿಸುತ್ತ, ಮಾನ್ವಿಯ ಬಸ್ಸು ಹತ್ತಿದೆ. ಜನ ನನ್ನನ್ನು ಮದುಮಗ ಎಂದುಕೊಂಡಿರಬೇಕು, ಸ್ವಲ್ಪ ತಡವಾಗಿ ಹೊರಟವನು.

ಬಸ್ ನಿಲ್ದಾಣದ ಹಿಂದೆ ಅಂಗಡಿ ಇತ್ತು. ಚಪ್ಪರ ತಗಡಿನದಲ್ಲ, ಸಿಮೆಂಟ್ ಶೀಟಿನದು. ಒಳಗೆ ಮಷಿನ್ ಮುಂದೆ ಮಹಬೂಬ್ ಕೂತಿದ್ದ. ನನಗಿಂತ ಮೊದಲೇ ಊರು ಮುಟ್ಟಿದ್ದ. ನನ್ನನ್ನು ಕಂಡವನೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡ. "ಬರ್ರಿ ಸರ್, ಬರ್ರಿ. ಅಬ್ಬಾ, ನಾ ಹೇಳಿದ್ನಲ್ಲ, ಇವ್ರೇ."

ಬಿಳಿ ಗಡ್ಡದ ಚಾಂದಸಾಬ್ ನನ್ನ ಮುಖ ನೋಡಿದರು. ಗುರುತು ಹಿಡಿದ ಲಕ್ಷಣ ಕಾಣಲಿಲ್ಲ. ಆಮೇಲೆ ಕಾಲರ್ ಮುಟ್ಟಿ ಮುಖ ಕಿವುಚಿದರು.

"ಯಾವ ಹುಚ್ಚ ಹಾಕ್ಯಾನ್ರಿ ಈ ಹೊಲಿಗಿ?"

"ನಿಮ್ಮ ಮಗ."

"ಹಂಗಾರ ಸರಿ" ಎಂದು ಕೂತರು. "ಸಾಹೇಬ್ರ, ನೀವು ಮಾಡಿದ್ದು ನಾ ಸಾಯೋತನ ಮರಿಯಂಗಿಲ್ಲ. ಆದ್ರ ಖರೇ ಹೇಳ್ತೀನಿ, ನಿಮ್ಮ ಮಾರಿ ನೆನಪಿಲ್ಲ. ನಾ ಮಾರಿ ನೆನಪಿಡಂಗಿಲ್ಲ, ಅಳತಿ ನೆನಪಿಡ್ತೀನಿ. ಸ್ವಲ್ಪ ಎದ್ದು ನಿಂದ್ರಿ."

ಟೇಪ್ ತೆಗೆದು ಎದೆಯ ಸುತ್ತ ತಂದರು. ಕಂಕುಳಿಗೆ ಬಂದ ಕೂಡಲೇ ನಾನು ಕಿಸಕ್ಕನೆ ನಕ್ಕುಬಿಟ್ಟೆ.

"ಹಾಂ! ಕಚಗುಳಿ ಸಾಹೇಬ್ರು! ದಿಲ್ಲಿಗೆ ಹೋದವ್ರು!"

ಮಗ ಮೊದಲೇ ಹೇಳಿರಬಹುದು ಎಂದುಕೊಂಡೆ. ಎಂದುಕೊಂಡದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ಎಂದುಕೊಂಡೆ.

"ಚಾಂದಸಾಬ್, ಕಾಲರಿನ್ಯಾಗ ದಾರ ಇರಲಿಲ್ಲ."

"ಕಾಲರಿನ್ಯಾಗ?" ಅವರು ಮಗನ ಕಡೆ ತಿರುಗಿದರು. "ಕಾಲರಿನ್ಯಾಗ ಅಂತ ಹೇಳಿದ್ಯೇನಲೇ? ಆರು ವರ್ಷ ಈ ಅಂಗಡ್ಯಾಗ ಕುಂತು ಏನ್ ನೋಡಿದಿ ನೀನು?" ಆಮೇಲೆ ನನಗೆ: "ಸಾಹೇಬ್ರ, ಕೋಟು ಅಂದ್ರ ಮನುಷ್ಯ ಸೆಕಿ ಆದ್ರ ಕಳದು ಕುರ್ಚಿಗೆ ಹಾಕ್ತಾನ, ರೈಲಿನ್ಯಾಗ ಮರ್ತು ಬರ್ತಾನ. ಪರದೇಶದಾಗ ಪ್ಯಾಂಟ್ ಕಳದಿಡ್ತಾನೇನು? ದಾರ ಹಾಕೋದು ಪ್ಯಾಂಟಿನ ಸೊಂಟದ ಪಟ್ಟಿ ಒಳಗ. ಬಿಚ್ಚಿ ತೋರಸ್ಲೇನು? ಎರಡು ನಿಮಿಷದ ಕೆಲಸ."

ಕತ್ತರಿ ಅವರ ಕೈಯಲ್ಲೇ ಇತ್ತು. ಮಹಬೂಬ್ ಮಷಿನ್ ನಿಲ್ಲಿಸಿದ್ದ.

ಜೀವನವಿಡೀ ಪುರಾವೆ ಕೇಳಿದವನಿಗೆ ಪುರಾವೆ ಎರಡು ನಿಮಿಷದ ದೂರದಲ್ಲಿತ್ತು. ದಾರ ಇಲ್ಲದಿದ್ದರೆ ನಾನು ಕಾದಿಸ್‌ನಲ್ಲಿ ಸುಳ್ಳು ಸಹಿ ಮಾಡಿದವನು. ಇದ್ದರೆ ಆ ಸಹಿ ನನ್ನದಲ್ಲ, ದಾರದ್ದು. ನಾನು ಬರೀ ಸರಿಯಾದ ಉತ್ತರ ಬರೆದವನು. ನನ್ನ ಕೈ ತಾನಾಗಿ ಸೊಂಟದ ಪಟ್ಟಿ ಹಿಡಿದುಕೊಂಡಿತ್ತು.

"ಬ್ಯಾಡ್ರಿ" ಎಂದೆ.

"ಯಾಕ್ರಿ, ನಂಬಿಕಿ ಬಂತೇನು?"

"ಇಲ್ರಿ. ಉಡಾಕ ಬ್ಯಾರೆ ಏನೂ ತಂದಿಲ್ಲ."

"ಲುಂಗಿ ಕೊಡ್ತೀನಿ ಸರ್!" ಎಂದ ಮಹಬೂಬ್.

ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಂದೆ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಎದುರಿನ ಹೋಟೆಲಿನಲ್ಲಿ ಕೂತು ಮಿರ್ಚಿ ತಿಂದೆ. ಹಾಗೇ ಮಾಡುತ್ತಿದ್ದರು.

ಆ ಪ್ಯಾಂಟು ಈಗ ನನಗೆ ಆಗುವುದಿಲ್ಲ. ಬಟ್ಟೆ ಗಟ್ಟಿಯಾಗಿದೆ, ಒಳಗೆ ಎರಡು ಇಂಚು ಮಡಚಿ ಬಿಟ್ಟಿದ್ದಾರೆ, ಸೊಂಟದ ಪಟ್ಟಿ ಬಿಚ್ಚಿದರೆ ಸಲೀಸಾಗಿ ದೊಡ್ಡದಾಗುತ್ತದೆ ಎಂದು ತೀನ್ ಕಂದೀಲ್‌ನ ದರ್ಜಿ ಎರಡು ಸಲ ಹೇಳಿದ. ಎರಡು ಸಲವೂ ಹಾಗೇ ಮಡಚಿ ಮನೆಗೆ ತಂದು ಟ್ರಂಕಿನಲ್ಲಿಟ್ಟಿದ್ದೇನೆ.